ಸುಟ್ಟ ಜುಮ್ಮನಕಾಯಿ

ಮೊನ್ನೆ ಕುಮಟೆಯ ಸಂತೆಯಿಂದ ತಂದ ಪೊಟ್ಟಣ ಬಿಚ್ಚಿ ಡಬ್ಬಿಗೆ ಸುರಿಯುವಾಗ ನಾಲ್ಕಾರು ಜುಮ್ಮನಕಾಯಿ ಕೈತಪ್ಪಿ ಉರಿಯುತ್ತಿದ್ದ ಗ್ಯಾಸ್ ಒಲೆಯ ಮೇಲೆ ಬಿದ್ದವು. ಬಿದ್ದದ್ದೇ ಚಿಟಿಚಿಟಿ ಸಿಡಿದು ಮನೆಯೆಲ್ಲ ಆ ವಾಸನೆ... ಲಿಂಬೆಸಿಪ್ಪೆಯನ್ನು ಕೆಂಡಕ್ಕೆ ಹಾಕಿ, ಮೇಲಿಂದ ಚೂರು ಕರ್ಪೂರ ಉದುರಿಸಿದ ಹಾಗೆ. ಒಳಗಿದ್ದ ಮಗಳು ಮೂಗು ಮುಚ್ಚಿಕೊಂಡು ಬಂದು, "ಅಮ್ಮಾ, ಎಂತ ಸುಟ್ಟೆ?" ಎಂದಳು. ನಾನು ಒಲೆ ಆರಿಸಿ, ಕರಿಯಾದ ಕಾಯಿಗಳನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ನಿಂತೆ.

ಜುಮ್ಮನಕಾಯಿ ಎಂದರೆ ನಮ್ಮ ಕರಾವಳಿಯಲ್ಲಿ ಬಂಗಡೆ ಸಾರಿಗೆ ಹಾಕುವ ಕಾಯಿ. ಕಾಡಿನ ಮುಳ್ಳುಮರದಲ್ಲಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಒಣಗಿಸಿ, ಒಳಗಿನ ಕರಿಬೀಜ ತೆಗೆದು, ಸಿಪ್ಪೆಯನ್ನು ಜಜ್ಜಿ ಕುದಿಯುವ ಸಾರಿಗೆ ಹಾಕಿದರೆ ಆಯಿತು. ಬೀಜ ಬಾಯಿಗೆ ಸಿಕ್ಕಿದರೆ ಕಹಿ, ಸಿಪ್ಪೆ ಸಿಕ್ಕಿದರೆ ನಾಲಿಗೆಗೆ ಜೋಮು. ಅದನ್ನು ಯಾರೂ ಸುಡುವುದಿಲ್ಲ. ಸುಟ್ಟು ಹಾಕುವವರನ್ನು ನಾನು ನೋಡಿದ್ದು ಒಬ್ಬಳನ್ನೇ, ಹೊನ್ನಾವರದ ಬಂದರು ರಸ್ತೆಯಲ್ಲಿ ನಮ್ಮ ಮನೆಗೆ ತಾಗಿಕೊಂಡು ಖಾನಾವಳಿ ನಡೆಸುತ್ತಿದ್ದ ಅಕ್ಕನನ್ನು.

ಸ್ವಂತ ಅಕ್ಕನಲ್ಲ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವಳು. ಊರೆಲ್ಲ ಅಕ್ಕ ಎನ್ನುತ್ತಿತ್ತು, ನಾನೂ ಎನ್ನುತ್ತಿದ್ದೆ. ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಕೊಂಕಣ ರೈಲು ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ನಾನು ಬಿ.ಎ. ಮುಗಿಸಿ, ಕೆಲಸವೂ ಇಲ್ಲದೆ ಗಂಡೂ ಗೊತ್ತಾಗದೆ, ಅಮ್ಮನ ಬೈಗುಳ ತಿನ್ನುತ್ತ ಮನೆಯಲ್ಲಿ ಬಿದ್ದಿದ್ದೆ. ಅಪ್ಪ ಬಂದರಿನ ಐಸ್ ಫ್ಯಾಕ್ಟರಿಯಲ್ಲಿದ್ದರು. ಮನೆಯಲ್ಲಿ ಸಿಡುಕಿ ಸಾಕಾದಾಗಲೆಲ್ಲ ನಾನು ಬೇಲಿ ದಾಟಿ ಅಕ್ಕನ ಅಡುಗೆಮನೆಗೆ ಹೋಗಿ ಕೂರುತ್ತಿದ್ದೆ.

ಖಾನಾವಳಿ ಎಂದರೆ ದೊಡ್ಡದೇನೂ ಅಲ್ಲ. ಹೆಂಚಿನ ಮನೆಯ ಮುಂದಿನ ಜಗಲಿ, ಅದರಲ್ಲಿ ಎರಡು ಬೆಂಚು, ಎರಡು ಉದ್ದನೆ ಮೇಜು. ಮೀನಿನ ಲಾರಿಯವರು, ಕೋರ್ಟಿಗೆ ಬಂದವರು, ಐಸ್ ಹೊರುವವರು ಉಣ್ಣಲು ಬರುತ್ತಿದ್ದರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಕುಡಿಯಲು ಮುರುಗಲ ಹುಳಿಯ ಕಡಿ. ಒಳಗಿನ ಕೋಣೆಯಲ್ಲಿ ಅವಳ ಅತ್ತೆ, ಕಣ್ಣು ಮಂಜಾದ ಮುದುಕಿ. ನಾವೆಲ್ಲ ಅವಳನ್ನು ಅಜ್ಜಿ ಎನ್ನುತ್ತಿದ್ದೆವು. ಆ ಮನೆಯಲ್ಲಿ ಇದ್ದವರು ಇಬ್ಬರೇ.

ಅಕ್ಕನ ಗಂಡ ಹಡಗಿನಲ್ಲಿ ಭಂಡಾರಿಯಾಗಿದ್ದನಂತೆ. ಹಡಗಿನ ಕೆಲಸಗಾರರಿಗೆ ಅಡುಗೆ ಮಾಡಿ ಹಾಕುವವನಿಗೆ ಭಂಡಾರಿ ಎನ್ನುತ್ತಾರೆ. ಮುಂಬಯಿಯಿಂದ ಹಡಗು ಹತ್ತಿದರೆ ಮಳೆಗಾಲಕ್ಕೆ ಊರಿಗೆ ಬರುವುದು, ಮಳೆ ಮುಗಿದದ್ದೇ ಮತ್ತೆ ಹೊರಡುವುದು. ಮದುವೆಯಾಗಿ ನಾಲ್ಕು ಮಳೆಗಾಲ ಹಾಗೆ ಬಂದ. ಐದನೆಯ ಮಳೆಗಾಲಕ್ಕೆ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಮುಂಬಯಿಗೆ ಹೋದವರ ಹತ್ತಿರವೆಲ್ಲ ವಿಚಾರಿಸಿದರು, ಯಾರೂ ಕಂಡಿರಲಿಲ್ಲ. ಹಡಗು ಮುಳುಗಿದ ಸುದ್ದಿಯೂ ಇಲ್ಲ, ಮನುಷ್ಯ ಸತ್ತ ಸುದ್ದಿಯೂ ಇಲ್ಲ. ನಾನು ಹೇಳುತ್ತಿರುವ ಕಾಲಕ್ಕೆ ಅದಾಗಿ ಇಪ್ಪತ್ತು ವರ್ಷ ದಾಟಿತ್ತು.

ಜುಮ್ಮನಕಾಯಿ ಸುಡುವ ಕಥೆಯೂ ಅವನದ್ದೇ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮೊದಲ ಸಲ ಆ ಮನೆಯ ಒಲೆಯ ಮುಂದೆ ಕೂತಾಗ ಕೈತಪ್ಪಿ ಹಿಡಿ ಕಾಯಿ ಕೆಂಡದ ಮೇಲೆ ಬಿದ್ದಿತಂತೆ. ಮನೆಯಲ್ಲಿ ಬೇರೆ ಕಾಯಿ ಇರಲಿಲ್ಲ. ಅತ್ತೆಗೆ ಹೇಳಲು ಹೆದರಿಕೆ. ಅರ್ಧ ಕರಕಲಾದದ್ದನ್ನೇ ಹೆಕ್ಕಿ, ಬೂದಿ ಊದಿ, ಅರೆದು ಸಾರಿಗೆ ಹಾಕಿಬಿಟ್ಟಳು. ಗಂಡ ಉಣ್ಣುತ್ತ ಕೂತವನು ತಲೆ ಎತ್ತಿ ನೋಡಿದ. ಇನ್ನು ಬೈಗುಳವೇ ಎಂದು ಇವಳು ಬಾಗಿಲ ಹಿಂದೆ ಸರಿದರೆ, ಅವನು ಮತ್ತೊಮ್ಮೆ ಅನ್ನ ಹಾಕಿಸಿಕೊಂಡ. "ಇನ್ನು ಮೇಲೆ ಹಿಂಗೇ ಮಾಡು" ಎಂದನಂತೆ. ಇದನ್ನು ಹೇಳುವಾಗ ಅಕ್ಕ ನಗುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದಳು... ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರುತ್ತಿತ್ತು. ಇವತ್ತಿಗೂ ಹೋಗಿಲ್ಲ.

ಮನೆಬಿಟ್ಟು ಹೋದವನ ಸುದ್ದಿ ಹನ್ನೆರಡು ವರ್ಷ ಸಿಗದಿದ್ದರೆ ಅವನು ಇಲ್ಲವೆಂದೇ ಲೆಕ್ಕ. ದರ್ಭೆಯ ಗೊಂಬೆ ಮಾಡಿ, ಅದನ್ನೇ ಹೆಣವೆಂದು ಸುಟ್ಟು, ಮುಂದಿನ ಕ್ರಿಯೆಯೆಲ್ಲ ಮುಗಿಸಿ, ಎಡೆ ಇಡುತ್ತಾರೆ. ಅಜ್ಜಿ ಅದಕ್ಕೇ ಹಟ ಹಿಡಿದಿದ್ದಳು. "ನನ್ನ ಮಗ ಹೊಟ್ಟೆಗಿಲ್ದೆ ತಿರುಗ್ತಾ ಇದ್ದಾನೆ. ಒಂದು ಹಿಡಿ ಅನ್ನ ಇಡುಕೆ ಬಿಡು ಹೆಣ್ಣೆ" ಎಂದು ಗೋಗರೆಯುತ್ತಿದ್ದಳು. ಅಕ್ಕನದ್ದು ಒಂದೇ ಉತ್ತರ, "ಎಲ್ಲೋ ಕೂತು ಉಣ್ತಾ ಇದ್ದವರ ಹೆಸರಲ್ಲಿ ಎಡೆ ಇಡೂದು ಹೆಂಗೆ ಅತ್ತೆ?" ಇಬ್ಬರ ನಡುವೆ ಇದೊಂದೇ ಜಗಳ. ಉಳಿದದ್ದಕ್ಕೆಲ್ಲ ತಾಯಿ ಮಗಳ ಹಾಗಿದ್ದರು.

ಊರಿನ ಹೆಂಗಸರಿಗೆ ಇವಳೊಂದು ತಲೆನೋವು. ಅರಿಶಿನ ಕುಂಕುಮ ಕೊಡುವಾಗ ಬಟ್ಟಲು ಹಿಡಿದವರು ಅಕ್ಕನ ಮುಂದೆ ಬಂದು ಒಂದು ಗಳಿಗೆ ನಿಲ್ಲುತ್ತಿದ್ದರು. ಕೊಡುವುದೋ, ದಾಟಿ ಹೋಗುವುದೋ? ಅಕ್ಕ ತಾನೇ ಕೈ ಚಾಚಿ ತೆಗೆದುಕೊಂಡು ಹಣೆಗೆ ಹಚ್ಚಿಕೊಳ್ಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಆ ಪ್ರವಾಸಿ ಹಡಗು ಬಂತು. ಗೋವೆಯ ಕಡೆಯಿಂದ ಮಂಗಳೂರಿಗೆ ಹೋಗುವ ಸಣ್ಣ ಹಡಗು, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ತುಂಬಿರುವುದರಿಂದ ಅದು ಒಳಗೆ ಬರುವಂತಿರಲಿಲ್ಲ, ಹೊರಗೇ ಲಂಗರು ಹಾಕುತ್ತಿತ್ತು. ಜನರನ್ನು ಮೋಟಾರು ದೋಣಿಯಲ್ಲಿ ದಕ್ಕೆಗೆ ತಂದು ಇಳಿಸುತ್ತಿದ್ದರು. ದೋಣಿಯೂ ಉಬ್ಬರ ಇದ್ದಾಗ ಮಾತ್ರ ಅಳಿವೆ ದಾಟಬೇಕು, ನೀರು ಇಳಿಯುವುದರೊಳಗೆ ವಾಪಸ್ ಹೋಗಬೇಕು. ಹೆಚ್ಚೆಂದರೆ ಮೂರು ತಾಸು ಸಿಗುತ್ತಿತ್ತು. ಅಷ್ಟರಲ್ಲಿ ಊರು ನೋಡಿ, 'ಇಲ್ಲಿಯ ಊಟ' ಉಂಡು ಹೋಗಬೇಕು. ದಕ್ಕೆಯ ಗುತ್ತಿಗೆದಾರ ಅಕ್ಕನ ಖಾನಾವಳಿಗೆ ಆ ಊಟ ಗೊತ್ತು ಮಾಡಿದ. ಹಿಂದಿಯೋ ಇಂಗ್ಲಿಷೋ ನಾಲ್ಕು ಮಾತು ಆಡಬಲ್ಲವಳೆಂದು ನನ್ನನ್ನು ಬಡಿಸಲು ನಿಲ್ಲಿಸಿದರು. ಸಂಬಳ ಗಿಂಬಳ ಏನಿಲ್ಲ, ಎರಡು ಹೊತ್ತಿನ ಊಟ. ಅಮ್ಮ ಮಾತ್ರ, "ಬಿ.ಎ. ಓದಿದ್ದು ಸಾರ್ಥಕ ಆತು" ಎಂದಳು.

ಅವರು ಉಣ್ಣುವ ಚಂದವನ್ನು ಏನು ಹೇಳಲಿ! ಬೆನ್ನು ಕೆಂಪಾದ ಬಿಳಿಯರು, ಪುಣೆಯ ದೊಡ್ಡ ಮನೆಯ ಹೆಂಗಸರು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಗಂಡಸರು ಎಲ್ಲ ಐಸ್ ಹೊರುವವರ ಬೆಂಚಿನಲ್ಲೇ ಒತ್ತಿಕೊಂಡು ಕೂರಬೇಕು. ಹೊಳೆಯ ಬೆಳಚನ್ನು ಚಿಪ್ಪು ಸಮೇತ ಹಾಕಿದರೆ ಜಗಿಯುವುದೋ ನೆಕ್ಕುವುದೋ ತಿಳಿಯದೆ ನನ್ನ ಮುಖ ನೋಡುತ್ತಿದ್ದರು. ಬಂಗಡೆ ಸಾರು ಉಂಡ ಬಿಳಿ ಮುದುಕನೊಬ್ಬ ನಾಲಿಗೆಗೆ ಜೋಮು ಹಿಡಿದು, ಅದನ್ನು ಹೊರಗೆ ಚಾಚಿ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡ. ಹೆಂಡತಿ ಹೆದರಿ ಎದ್ದೇ ನಿಂತಳು. ಅದೇ ಮುದುಕ ಆಮೇಲೆ ಮೂರು ಸಲ ಸಾರು ಹಾಕಿಸಿಕೊಂಡ. ಯಾರೂ ನೆಮ್ಮದಿಯಾಗಿ ಉಣ್ಣುತ್ತಿರಲಿಲ್ಲ. ಬಾಯಲ್ಲಿ ತುತ್ತು, ಕಣ್ಣು ಗಡಿಯಾರದ ಮೇಲೆ. ದಕ್ಕೆಯಿಂದ ಸೀಟಿ ಕೇಳಿದರೆ ಅರ್ಧ ಊಟಕ್ಕೇ ಕೈ ತೊಳೆದು ಓಡುತ್ತಿದ್ದರು.

ಅಕ್ಕ ಮಾತ್ರ ಅವರ ಎಲೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ದೋಣಿಯಿಂದ ಇಳಿದು ಬರುವ ಒಬ್ಬೊಬ್ಬರನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಕೊನೆಯವರು ಒಳಗೆ ಬಂದ ಮೇಲೆ ಒಲೆಯ ಹತ್ತಿರ ಹೋಗುತ್ತಿದ್ದಳು. ಹಡಗು ಎಂದ ಮೇಲೆ ಅವನು ಅದರಲ್ಲಿ ಇರಲೂಬಹುದು ಎಂಬ ಆಸೆ. ಪ್ರಪಂಚದಲ್ಲಿ ಇರುವುದು ಒಂದೇ ಹಡಗೋ ಎನ್ನುವ ಹಾಗೆ! ಒಮ್ಮೆ ನಾನು ತಡೆಯಲಾರದೆ, "ಅಕ್ಕ, ಅವ್ರು ಬರೂದಾದ್ರೆ ಬಸ್ಸಲ್ಲೂ ಬರಬಹುದಿತ್ತು" ಎಂದೆ. ಮೀನು ಕೊಯ್ಯುತ್ತಿದ್ದ ಅವಳ ಕೈ ನಿಂತಿತು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ದೋಣಿ ನಡೆಸುವ ಖಲಾಸಿಗೆ ಪ್ರವಾಸಿಗರ ಜೊತೆ ಊಟ ಇರಲಿಲ್ಲ. ಅವನು ಹಡಗಿನಿಂದಲೇ ಬುತ್ತಿ ತಂದು ಖಾನಾವಳಿಯ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ. ಎರಡನೆಯ ವರ್ಷದ ಚಳಿಗಾಲ, ಸಂಕ್ರಾಂತಿಯ ಆಸುಪಾಸು. ಜನರೆಲ್ಲ ಉಂಡು ಊರು ಸುತ್ತಲು ಹೋಗಿದ್ದರು. ಖಲಾಸಿ ಡಬ್ಬಿ ತೆರೆದ. ಅಕ್ಕ ಅವನಿಗೆ ಕಡಿ ಕೊಡಲೆಂದು ಲೋಟ ಹಿಡಿದು ಹೋದವಳು ಅಲ್ಲೇ ನಿಂತಳು... ಹಿಂದೆ ಇದ್ದ ನನಗೂ ವಾಸನೆ ಬಂತು. ನನಗೆ ಮೊದಲು ಏನೂ ಅನಿಸಲಿಲ್ಲ. ನಮ್ಮ ಒಲೆಯದ್ದೇ ವಾಸನೆ ಎಂದುಕೊಂಡೆ.

ಅಕ್ಕ ಕುಕ್ಕರುಗಾಲಲ್ಲಿ ಕೂತು, ಕೇಳದೆ ಗೀಳದೆ, ಅವನ ಡಬ್ಬಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಖಲಾಸಿ ಬೆಪ್ಪಾದ. ಪರರ ಎಂಜಲು ಎಂದರೆ ಮೂರು ಮಾರು ದೂರ ನಿಲ್ಲುವ ಹೆಂಗಸು ಅವಳು. "ಇದು ಯಾರು ಮಾಡಿದ್ದು?" ಎಂದು ಕೊಂಕಣಿಯಲ್ಲಿ ಕೇಳಿದಳು. "ನಮ್ಮ ಭಂಡಾರಿ. ಪ್ಯಾಸೆಂಜರಿಗೆ ಬೇರೆ ಅಡುಗೆ, ಇದು ನಮಗೆ ಮಾತ್ರ ಮಾಡುವುದು" ಎಂದ. ಯಾವ ಕಡೆಯವನು ಎಂದರೆ ರತ್ನಾಗಿರಿ ಕಡೆಯಿಂದ ಹತ್ತಿದವನು, ಮಾತು ಕಡಿಮೆ, ಎಂದ. ಅಷ್ಟರಲ್ಲಿ ದಕ್ಕೆಯಿಂದ ಯಾರೋ ಕೂಗಿದರು, ನೀರು ಇಳಿಯತೊಡಗಿತ್ತು. ಅವನು ಡಬ್ಬಿ ಮುಚ್ಚಿಕೊಂಡು ಓಡಿದ. ಅಕ್ಕ ರಸ್ತೆಯವರೆಗೆ ಹಿಂದೆಯೇ ಹೋಗಿ, "ನಿನ್ನ ಭಂಡಾರಿಗೆ ಹೇಳು, ಮುಂದಿನ ಸಲ ಇಳಿದು ಬರಬೇಕಂತೆ, ಖಾನಾವಳಿಯಲ್ಲಿ ಊಟ ಇದೆಯಂತೆ ಅಂತ ಹೇಳು" ಎಂದು ಕೂಗಿದಳು. ಅವನು ಕೈ ಎತ್ತಿದ. ಭಂಡಾರಿಯ ವಯಸ್ಸೆಷ್ಟು ಎಂದು ನಾವಿಬ್ಬರೂ ಕೇಳಲಿಲ್ಲ. ಜುಮ್ಮನಕಾಯಿ ಸುಡುವ ಭಂಡಾರಿ ಪ್ರಪಂಚದಲ್ಲಿ ಇನ್ನೊಬ್ಬ ಇರಬಹುದೆಂದು ನಮ್ಮ ತಲೆಗೇ ಹೊಳೆಯಲಿಲ್ಲ.

ಆ ಹದಿನೈದು ದಿನ ಅವಳು ಹೇಗಿದ್ದಳು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಜಗಲಿಯ ಗೋಡೆಗೆ ಸುಣ್ಣ ಬಳಿದಳು. ಹಳೆ ಹಂಡೆ ತಿಕ್ಕಿದಳು. ಅತ್ತೆಗೆ ಒಂದು ಮಾತೂ ಹೇಳಲಿಲ್ಲ. "ಬಂದ ಮೇಲೆ ಕಾಣ್ಲಿ ತಂಗಿ, ಮೊದ್ಲೇ ಹೇಳಿ ಆ ಜೀವಕ್ಕೆ ಯಾಕೆ ಆಸೆ ಹುಟ್ಸೂದು" ಎಂದಳು. ತನ್ನ ಆಸೆಗೆ ಮಾತ್ರ ಅಂಕೆ ಇರಲಿಲ್ಲ. ಅವನು ಬಂದರೆ ಏನು ಕೇಳುತ್ತೀ, ಬೈಯುತ್ತೀಯೋ ಇಲ್ಲವೋ ಎಂದು ನಾನು ಕೆಣಕಿದೆ. "ಮೊದ್ಲು ಊಟ ಹಾಕ್ತೆ. ಬೈಯೂದು ಆಮೇಲೆ" ಎಂದಳು.

ಹಡಗು ಬರುವ ದಿನ ಶಿರಾಲಿಯಿಂದ ಬರುವ ಬಸ್ಸಿನವನ ಕೈಯಲ್ಲಿ ಭಟ್ಕಳ ಮಲ್ಲಿಗೆ ತರಿಸಿದ್ದಳು. ಹಸಿರು ಸೀರೆ. ಎಷ್ಟೋ ವರ್ಷದಿಂದ ಪೆಟ್ಟಿಗೆಯಲ್ಲಿದ್ದು ಮಡಿಕೆಯ ಗೆರೆ ಹೋಗಿರಲಿಲ್ಲ. ಪ್ರವಾಸಿಗರಿಗೆ ಬಡಿಸುವುದನ್ನೆಲ್ಲ ನನಗೆ ಬಿಟ್ಟು ಬಾಗಿಲಲ್ಲೇ ನಿಂತಳು. ಜನ ಬಂದರು, ಕೂತರು, ಉಂಡರು, ಎದ್ದರು. ಕೊನೆಗೆ ಖಲಾಸಿಯ ಹಿಂದೆ ಒಬ್ಬ ಬಂದ.

ಹುಡುಗ. ಇಪ್ಪತ್ತು ಇದ್ದೀತು. ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸಂಕೋಚದಿಂದ ಕೆಮ್ಮಿ, "ಕರೆದಿದ್ದಿರಂತೆ" ಎಂದ.

ಆ ಕೆಮ್ಮು ಕೇಳಿ ಒಳಗಿನ ಕೋಣೆಯಿಂದ ಅಜ್ಜಿಯ ದನಿ ಬಂತು. "ಯಾರೇ ಅದು? ಅಂವ ಬಂದ್ನಾ?"

ನಾನು ಹುಡುಗನ ಮುಖ ನೋಡಿದೆ, ಅಕ್ಕನ ಮುಖ ನೋಡಿದೆ. ಅವನಲ್ಲಿ ಯಾರ ಛಾಯೆ ಇತ್ತೋ ನನಗೇನು ಗೊತ್ತು, ನಾನು ಆ ಮನುಷ್ಯನನ್ನು ಕಂಡವಳಲ್ಲ. ಅಕ್ಕನಿಗೆ ಗೊತ್ತಾಗಿತ್ತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. "ಅಲ್ಲ ಅತ್ತೆ, ಹಡಗಿನ ಜನ" ಎಂದು ಒಳಗೆ ಕೂಗಿ ಹೇಳಿ, ಅವನಿಗೆ, "ಬಾ, ಕುತ್ಕೋ" ಎಂದಳು.

ಎಲೆ ಹಾಕಿದಳು. ಗಂಡನಿಗೆಂದು ಮಾಡಿದ್ದನ್ನೆಲ್ಲ ಒಂದೊಂದಾಗಿ ತಂದು ಬಡಿಸಿದಳು, ಬಂಗಡೆ ಸಾರು, ಹುರಿದ ನೊಗಲಿ ಮೀನು, ಬೆಳಚಿನ ಸುಕ್ಕ, ಅಕ್ಕಿ ಪಾಯಸ. ಹುಡುಗ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟವನು ತಲೆ ಎತ್ತಿದ. "ಇದು ನಮ್ಮ ಮನೆಯ ಸಾರು" ಎಂದ. ಯಾರು ಕಲಿಸಿದ್ದು ಎಂದು ಅಕ್ಕ ಕೇಳಿದಳು. ಬಾಬಾ, ಅಂದರೆ ಅಪ್ಪ, ಕಲಿಸಿದ್ದು, ಅವರೂ ಭಂಡಾರಿಯೇ, ಎಂದ. ಬಾಬಾ ಎಲ್ಲಿದ್ದಾರೆ ಎಂದರೆ, ಹೋದರು, ಎದೆಯ ಕಾಯಿಲೆ, ಎರಡು ಮಳೆಗಾಲ ಆಯಿತು, ಎಂದ. ತಾಯಿ? ಅವಳು ಅದಕ್ಕೂ ಮೊದಲೇ. ಅಣ್ಣ ತಮ್ಮ ಯಾರೂ ಇಲ್ಲ. ಹಡಗೇ ಮನೆ. ಎಲ್ಲವನ್ನೂ ಉಣ್ಣುತ್ತಲೇ ಹೇಳಿದ. ಬಾಬಾ ದಕ್ಷಿಣದ ಕಡೆಯವರಂತೆ, ಯಾವ ಊರು ಎಂದು ಹೇಳಿದವರಲ್ಲವಂತೆ.

ಅಕ್ಕ ಇನ್ನೊಂದು ಸೌಟು ಸಾರು ಬಡಿಸುತ್ತ ಕೇಳಿದಳು, "ಜುಮ್ಮನಕಾಯಿ ಯಾಕೆ ಸುಡುವುದು ಅಂತ ಹೇಳಿದ್ದಾರಾ?"

ಹುಡುಗ ನಕ್ಕ. "ಒಬ್ಬಳು ಕೈತಪ್ಪಿ ಕೆಂಡಕ್ಕೆ ಬೀಳಿಸಿದಳು, ಅವತ್ತಿನಿಂದ ಹೀಗೇ ಅನ್ನುತ್ತಿದ್ದರು. ಯಾರು ಆ ಒಬ್ಬಳು ಅಂತ ನನ್ನ ತಾಯಿ ಜಗಳ ತೆಗೆಯುತ್ತಿದ್ದಳು. ಬಾಬಾ ಬಾಯಿ ಬಿಡಲಿಲ್ಲ."

ಅಕ್ಕನೂ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು... ನಾನು ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋದೆ. ಹಾಳಾಗಿ ಹೋಗಲಿ ಆ ಮನುಷ್ಯ ಎಂದು ಬಾಯ್ತುಂಬ ಬೈದೆ. ಹೆಂಡತಿಯನ್ನು ಬಿಟ್ಟ, ಹೆತ್ತವಳನ್ನು ಬಿಟ್ಟ, ಊರಿನ ಹೆಸರನ್ನೂ ಬಿಟ್ಟ, ನಾಲಿಗೆಯ ರುಚಿಯೊಂದನ್ನು ಮಾತ್ರ ಗಂಟು ಕಟ್ಟಿಕೊಂಡು ಹೋಗಿದ್ದ. ಅದನ್ನು ಒಯ್ದು ಇನ್ನೊಬ್ಬಳ ಒಲೆಯ ಮೇಲೆ ಬೇಯಿಸಿದ್ದ.

ಸೀಟಿ ಕೇಳಿತು. ಹುಡುಗ ಕೈ ತೊಳೆದು ಬಂದಾಗ ಅಕ್ಕ ಅವನ ಕೈಗೆ ಜುಮ್ಮನಕಾಯಿಯ ಒಂದು ಗಂಟು ಕೊಟ್ಟಳು. ಯಾಕೆ ಕರೆದಳು, ಯಾಕೆ ಕೊಟ್ಟಳು ಎಂದು ಅವನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇನೆ ಎಂದ. ಅವನು ದೋಣಿ ಹತ್ತುವವರೆಗೂ ಅಕ್ಕ ರಸ್ತೆಯಲ್ಲಿ ನಿಂತಿದ್ದಳು. ಒಳಗೆ ಬಂದು ಮಲ್ಲಿಗೆಯನ್ನು ತಲೆಯಿಂದ ತೆಗೆದು ದೇವರ ಗೂಡಿನಲ್ಲಿಟ್ಟಳು. ನನ್ನ ಕೈ ಹಿಡಿದು, "ತಂಗಿ, ಇದು ಅತ್ತೆ ಕಿವಿಗೆ ಬೀಳುಕಾಗ. ಯಾರಿಗೂ ಹೇಳುಕಾಗ" ಎಂದಳು. ಆಗಲಿ ಎಂದೆ. ಅವಳು ಅಳಲಿಲ್ಲ. ಅತ್ತದ್ದು ನಾನು.

ಮರುದಿನ ಬೆಳಿಗ್ಗೆ ಅಜ್ಜಿಯ ಹಾಸಿಗೆಯ ಹತ್ತಿರ ಕೂತು, "ಆತು ಅತ್ತೆ. ಮಾಡುವ. ನಿಮ್ಮ ಮಾತೇ ಸಮ" ಎಂದಳು. ಅಜ್ಜಿ ಅವಳ ಮುಖವನ್ನು ಕೈಯಿಂದ ತಡವಿ ತಡವಿ ನೋಡಿತು. ಹಣೆಯಲ್ಲಿ ಕುಂಕುಮ ಇರಲಿಲ್ಲ.

ಕ್ರಿಯೆ ಹೊಳೆಯ ದಂಡೆಯಲ್ಲಿ ನಡೆಯಿತು. ಭಟ್ಟರು ದರ್ಭೆಯ ಗೊಂಬೆ ಕಟ್ಟಿದರು, ಗಂಡನ ಕಡೆಯ ಬಾವನೊಬ್ಬ ಬೆಂಕಿ ಇಟ್ಟ. ಇಪ್ಪತ್ತು ವರ್ಷ ಕಾದದ್ದು ನೋಡನೋಡುತ್ತ ಉರಿದು ಹೋಯಿತು. ಕೊನೆಯ ದಿನ ಎಡೆ. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಇಡುತ್ತಾರೆ, ಮೀನು ಉಣ್ಣುವವರಿಗೆ ಮೀನೂ ಇಡುತ್ತಾರೆ. ಅಕ್ಕ ಅನ್ನ, ಪಾಯಸ, ಸುಟ್ಟ ಜುಮ್ಮನಕಾಯಿಯ ಬಂಗಡೆ ಸಾರು ಬಾಳೆ ಎಲೆಯಲ್ಲಿ ಬಡಿಸಿ ಹಿತ್ತಲ ಕಟ್ಟೆಯ ಮೇಲೆ ಇಟ್ಟು ದೂರ ಸರಿದಳು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಅದು ಏನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮನೆಯವರು ಮಾತು ಕೊಡಬೇಕು.

ಕಾಗೆಗಳೇನೋ ಇದ್ದವು. ಬಂದರಿನಲ್ಲಿ ಕಾಗೆಗೆ ಬರವೇ! ತೆಂಗಿನ ಗರಿಯ ಮೇಲೆ, ನಮ್ಮ ಮನೆಯ ಮಾಡಿನ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ. "ನಿನ್ನ ತಾಯಿನ ನಾವು ಕಾಣ್ತೇವೆ" ಎಂದ ಬಾವ. ಇಳಿಯಲಿಲ್ಲ. "ನಿನ್ನ ಹೆಂಡ್ತಿನ ಕೈ ಬಿಡೂದಿಲ್ಲ" ಎಂದ. ಇಳಿಯಲಿಲ್ಲ. ಮನೆಯ ಮಾಡು ಹೊದೆಸುತ್ತೇವೆ, ದೇವರಿಗೆ ಹೇಳಿಕೊಂಡದ್ದು ತೀರಿಸುತ್ತೇವೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಬಿಸಿಲು ಏರಿತು. ಎಲೆಯ ಅಂಚು ಬಾಡಿತು. ಜಗಲಿಯಲ್ಲಿ ಕೂತಿದ್ದ ಅಜ್ಜಿ, "ಮುಟ್ತಾ? ಮುಟ್ತಾ?" ಎಂದು ಕೇಳಿ ಕೇಳಿ, "ನನ್ನ ಮಗನಿಗೆ ಇನ್ನೂ ಎಂತ ಬೇಕೇ..." ಎಂದು ಅಳತೊಡಗಿತು.

ಆಗ ಅಕ್ಕ ಎದ್ದಳು. ಎಲ್ಲರನ್ನೂ ದಾಟಿ ಕಟ್ಟೆಯ ಹತ್ತಿರ ಹೋದಳು. ಉಳಿದವರಿಗೆ ಕೇಳದ ಹಾಗೆ ಬಗ್ಗಿ ಹೇಳಿದಳು, ನೀರಿನ ತಂಬಿಗೆ ಹಿಡಿದು ಹಿಂದೆ ಹೋದ ನನಗೆ ಮಾತ್ರ ಕೇಳಿಸಿತು.

"ಆ ಹುಡುಗ ಬಂದ್ರೆ ನಾ ಊಟ ಹಾಕ್ತೆ. ನೀವು ಉಣ್ಣಿ."

ಅವಳು ತಿರುಗಿ ನಾಲ್ಕು ಹೆಜ್ಜೆ ಬಂದಿದ್ದಳೋ ಇಲ್ಲವೋ, ಒಂದು ಕಾಗೆ ಇಳಿದು ಬಂಗಡೆಯ ತುಂಡಿಗೇ ಬಾಯಿ ಹಾಕಿತು. ಜನ ದೂರ ಸರಿದದ್ದಕ್ಕೆ ಬಂತು ಎಂದು ನಾನು ಅವತ್ತು ವಾದ ಮಾಡಬಹುದಿತ್ತು. ಮಾಡಲಿಲ್ಲ. ಅಜ್ಜಿಗೆ ಮುಟ್ಟಿತು ಎಂದು ಕೂಗಿ ಹೇಳಿದೆವು. ಆ ಮುದುಕಿ ಅವತ್ತು ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬ ಉಂಡಿತು.

ಹದಿನೈದು ದಿನ ಕಳೆಯಿತು. ಅಕ್ಕ ಅಡುಗೆ ಮಾಡಿ ಕಾದಳು. ಹಡಗು ಬರಲಿಲ್ಲ. ಅದನ್ನು ನಡೆಸುತ್ತಿದ್ದವರಿಗೆ ಪೂರೈಸಲಿಲ್ಲವಂತೆ, ನಿಲ್ಲಿಸಿಬಿಟ್ಟರು ಎಂದು ದಕ್ಕೆಯ ಗುತ್ತಿಗೆದಾರ ಬೀಡಿ ಸೇದುತ್ತ ಹೇಳಿ ಹೋದ. ಹುಡುಗನ ಹೆಸರು ಕೂಡ ನಾವು ಕೇಳಿರಲಿಲ್ಲ. ಎಲ್ಲಿ ಎಂದು ಹುಡುಕುವುದು? ಗಂಡನನ್ನು ಕಾಯುವುದು ಮುಗಿದು ಹುಡುಗನನ್ನು ಕಾಯುವುದು ಶುರುವಾಯಿತು. ಚಳಿಗಾಲ ಬಂದರೆ ಮಧ್ಯಾಹ್ನ ಎಲ್ಲರದೂ ಊಟವಾದ ಮೇಲೆ ಒಬ್ಬರಿಗೆ ಆಗುವಷ್ಟು ಅನ್ನ, ಸಾರು ತೆಗೆದಿಟ್ಟು ದಕ್ಕೆಯ ಕಡೆ ನೋಡುತ್ತ ಕೂರುತ್ತಿದ್ದಳು. ಸಂಜೆ ಅದನ್ನೇ ತಾನು ಉಣ್ಣುತ್ತಿದ್ದಳು.

ನನ್ನ ಮದುವೆಯಾಗಿ ನಾನು ಕುಮಟೆಗೆ ಬಂದೆ. ಅಜ್ಜಿ ಹೋಯಿತು. ಹೊನ್ನಾವರಕ್ಕೆ ಹೋದಾಗಲೆಲ್ಲ ಬೇಲಿ ದಾಟಿ ಹೋಗುತ್ತಿದ್ದೆ. ಬಂದನಾ ಎಂದು ನಾನು ಕೇಳುತ್ತಿರಲಿಲ್ಲ, ಇಲ್ಲ ಎಂದು ಅವಳು ಹೇಳುತ್ತಿರಲಿಲ್ಲ. ಆಮೇಲೆ ಒಂದು ಮಳೆಗಾಲದಲ್ಲಿ ಜ್ವರ ಬಂದು ಅವಳೂ ಹೋದಳು, ಇನ್ನೂ ಅರವತ್ತು ತುಂಬಿರಲಿಲ್ಲ. ಸುದ್ದಿ ಬಂದಾಗ ಮಗಳು ಸಣ್ಣವಳು. ಅವಳನ್ನು ಎತ್ತಿಕೊಂಡೇ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಅತ್ತೆ.

ಅವಳ ಎಡೆಯ ದಿನವೂ ಹೋದೆ. ಅದೇ ಕಟ್ಟೆ, ಅದೇ ಬಾವ, ಮುದುಕನಾಗಿದ್ದ. ಕಾಗೆ ಮುಟ್ಟಲಿಲ್ಲ. ನಿನ್ನ ಮನೆಯ ದೀಪ ಹಚ್ಚುತ್ತೇವೆ ಎಂದರು, ನಿನ್ನ ಹೆಸರಲ್ಲಿ ಅನ್ನದಾನ ಮಾಡುತ್ತೇವೆ ಎಂದರು. ಅವಳಿಗೆ ಏನು ಬೇಕೆಂದು ಅಲ್ಲಿ ಗೊತ್ತಿದ್ದದ್ದು ನನಗೆ ಒಬ್ಬಳಿಗೇ. ಕಟ್ಟೆಯ ಹತ್ತಿರ ಹೋಗಿ ಬಗ್ಗಿ, "ಆ ಹುಡುಗ ಬಂದ್ರೆ ನಾ ಊಟ ಹಾಕ್ತೆ ಅಕ್ಕ. ನೀ ಉಣ್ಣು" ಎಂದೆ. ಕಾಗೆ ಬಂತು.

ಈಗ ಖಾನಾವಳಿ ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಹುಡುಗನಿಗೆ ನನ್ನ ಮನೆ ಗೊತ್ತಿಲ್ಲ, ನಾನು ಯಾರೆಂದು ಗೊತ್ತಿಲ್ಲ, ಅಕ್ಕ ಯಾರಾಗಿದ್ದಳು ಎಂಬುದೂ ಗೊತ್ತಿಲ್ಲ. ಬರುವುದು ಹೇಗೆ? ಮಾತು ಕೊಟ್ಟವಳು ನಾನು, ಅದಕ್ಕೇ ವರ್ಷಕ್ಕೊಮ್ಮೆ ಸಂತೆಯಲ್ಲಿ ಜುಮ್ಮನಕಾಯಿ ಕೊಳ್ಳುತ್ತೇನೆ. ಮನೆಯಲ್ಲಿ ಯಾರಿಗೂ ಅದು ಸೇರುವುದಿಲ್ಲ.

ಮೊನ್ನೆ ಮಗಳು ಬಿಡಲಿಲ್ಲ, ಸುಟ್ಟದ್ದನ್ನು ಎಸೆಯದೆ ಯಾಕೆ ಹಿಡಿದುಕೊಂಡಿದ್ದೀ ಎಂದು ಪೀಡಿಸಿದಳು. ಸಾರಿಗೆ ಎಂದೆ. ಬೂದಿ ಊದಿ, ಅರೆದು, ಬಂಗಡೆ ಸಾರು ಮಾಡಿದೆ. ಅವಳೂ ಅವಳಪ್ಪನೂ ಮುಖ ಸಿಂಡರಿಸಿಕೊಂಡು ಒಂದೊಂದು ತುತ್ತು ಉಂಡು ಮೊಸರಿಗೆ ಕೈ ಚಾಚಿದರು. ನಾನು ಉಂಡೆ. ಒಬ್ಬರ ಊಟ ಉಳಿಯಿತು.